ಹುಳಿಮೀನಿನ ಅಂಗಡಿಯವನು

ಹುಳಿಬರಿಸಿದ ಮೀನು ಮಾರುವ ಅಂಗಡಿಯವನು, ಪರದೇಶದವರೊಬ್ಬರು ಬಂದು ಮೂಸುವವರೆಗೆ ಹೊಸ ಜಾಡಿಯನ್ನು ಮಾರುವುದಿಲ್ಲ. ನಾರುವ ಆ ಮೀನೆಂದರೆ ದೇಶದವರೆಲ್ಲ ಪ್ರಾಣ ಬಿಡುತ್ತಾರೆ. ಆದರೂ "ತಡ್ಕೊಳ್ಳಿ, ಮೊದಲು ಅತಿಥಿಗೆ" ಎಂದು ಅವರನ್ನು ನಿಲ್ಲಿಸಿ, ಜಾಡಿಯನ್ನು ಪರದೇಶಿಯ ಮೂಗಿನಡಿ ಹಿಡಿದು, ಉಸಿರು ಬಿಗಿಹಿಡಿದು ಆ ಮುಖವನ್ನೇ ನೋಡುತ್ತಾನೆ. ಬಂದವರು ಮುಖ ಕಿವುಚಿ ಬಾಗಿಲಿಗೆ ಓಡಿದರೆ ಅಂಗಡಿಯೆಲ್ಲ ನಗು. ಜನ ಅದನ್ನು ತುಂಟಾಟವೆಂದುಕೊಂಡಿದ್ದಾರೆ. ನಿಜ ಬೇರೆ: ಜ್ವರವೊಂದು ಅವನ ಮೂಗನ್ನೇ ಕೊಂದುಹಾಕಿದೆ, ಯಾವ ವಾಸನೆಯೂ ತಿಳಿಯುವುದಿಲ್ಲ; ಅದನ್ನು ಯಾರಿಗೂ ಹೇಳಿಲ್ಲ. ನಾತ ಬಾರದ ಜಾಡಿ ಸರಿಯಾಗಿ ಹುಳಿ ಹಿಡಿಯದ ಕೆಟ್ಟ ಜಾಡಿ, ತಿಂದವರು ಆಸ್ಪತ್ರೆ ಸೇರುತ್ತಾರೆ ಎಂಬ ದಿಗಿಲು ಅವನೊಬ್ಬನದೇ. ಇವತ್ತು ಬಂದ ಪರದೇಶದ ಹೆಂಗಸು ಬಗ್ಗಿ ಮೂಸಿ, "ಏನೂ ವಾಸನೆ ಇಲ್ವಲ್ಲ!" ಎಂದಳು. ಅವನು ಜಾಡಿಯನ್ನು ಚರಂಡಿಗೆ ಸುರಿಯಲು ಹೊರಟ. ಹೆಂಡತಿ ತೋಳು ಹಿಡಿದು ಕಿವಿಯಲ್ಲಿ ಹೇಳಿದಳು: "ಅವಳಿಗೆ ನೆಗಡಿ ಕಣ್ರೀ. ಹದ ಸರಿಯಾಗಿದೆ. ನಿಮಗೆ ಜ್ವರ ಬಿಟ್ಟ ದಿನದಿಂದ ಪ್ರತಿ ಜಾಡೀನೂ ನಾನು ಮೂಸಿಯೇ ಇಡ್ತಿದೀನಿ."