ಎರಡು ಗೀಟು, ಐದು ಸೊನ್ನೆ

ತಂಗಿಗೆ ಕಾಯಿಲೆ ಇದೆ ಎಂದು ವೈದ್ಯರು ಹೇಳಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಹೀಗೆ ಬರೆದರೆ ಓದಿದವರು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ. ಆದರೆ ಆರು ವರ್ಷ ಅವಳನ್ನು ಎಲ್ಲರೂ ಸುಳ್ಳುಬುರುಕಿ ಎಂದಿದ್ದರು. ಅವರಲ್ಲಿ ನಾನೂ ಒಬ್ಬಳು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಸಿದ್ದಾಪುರದ ಹತ್ತಿರದ ನಮ್ಮ ಊರಿನಿಂದ ಶಿರಸಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎಸ್ಸಿ. ಮಾಡಿದೆ. ಗರ್ಭಕೋಶದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತೆಗೆದುಕೊಂಡವಳು. ಅಲ್ಲಿ ಇಂಥದ್ದೊಂದು ನೋವು ಹುಟ್ಟಬಹುದು ಎಂದು ಮಾತ್ರ ಗೊತ್ತಿರಲಿಲ್ಲ.

ಓದು ಮುಗಿದ ಮೇಲೆ ಊರಿನ ಅಪ್ಪೆಮಿಡಿ ಉಪ್ಪಿನಕಾಯಿ ಶೆಡ್ಡಿನಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಿತು. ಅಮ್ಮ, ತಂಗಿ ಇಬ್ಬರೂ ಅಲ್ಲಿಯೇ ಮಾವಿನ ಮಿಡಿಯ ತೊಟ್ಟು ಮುರಿಯುತ್ತಿದ್ದರು, ಮಿಡಿಯ ಕಾಲ ಮುಗಿದ ಮೇಲೆ ಭರಣಿ ತುಂಬುತ್ತಿದ್ದರು. ಮುಟ್ಟಾದವಳು ಶೆಡ್ಡಿನೊಳಗೆ ಕಾಲಿಡುವಂತಿಲ್ಲ, ಮಿಡಿ ಕೆಟ್ಟುಹೋಗುತ್ತದೆ ಎಂಬ ನಂಬಿಕೆ. ಅದಕ್ಕಾಗಿ ಶೆಡ್ಡಿನ ಒಡತಿ, ತೋಟದ ಮನೆಯ ಅಮ್ಮ, ಮೊದಲ ದಿನವೇ ನನಗೆ ಕಲಿಸಿಕೊಟ್ಟಿದ್ದರು: ಬಂದವರಿಗೆ ಸರಿ ಗುರುತು, ಬಾರದವರಿಗೆ ಗೀಟು, ಹೊರಗಾದವರಿಗೆ ಸೊನ್ನೆ. ಮುಂದಿನ ತಿಂಗಳು ಯಾವ ವಾರ ಎಷ್ಟು ಜನ ಸಿಗುತ್ತಾರೆ ಎಂದು ಅದನ್ನು ನೋಡಿಯೇ ಅಂದಾಜು ಮಾಡುತ್ತಿದ್ದರು.

ತಂಗಿ ಬಾರದ ದಿನ ಅದೇ ಶೆಡ್ಡಿನಲ್ಲಿ ದುಡಿಯುವ ನಮ್ಮ ಅತ್ತೆ, ಅಪ್ಪನ ತಂಗಿ, ಅಮ್ಮನನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಅತ್ಗೇ, ನಿನ್ ಸಣ್ ಮಗ್ಳಿಗೆ ಈ ತಿಂಗ್ಳೂ ರಜೆ ಶುರುವಾತಾ?"

"ಎಂತ ಮಾಡೂದೆ? ಮದ್ವೆ ಆದ್ರೆ ಎಲ್ಲಾ ಸಮಾ ಆಗ್ತದೆ" ಎಂದು ಅಮ್ಮ ತಲೆ ತಗ್ಗಿಸುತ್ತಿದ್ದಳು.

ಒಮ್ಮೆ ಸ್ಕ್ಯಾನಿಂಗ್ ಮಾಡಿಸಿದಾಗ ಏನೂ ಇಲ್ಲ ಎಂದು ಬಂದಿತ್ತು. ಅದೇ ತಂಗಿಗೆ ಮುಳುವಾಯಿತು. ಅವಳು ಮಂಡಿ ಮಡಚಿ ಮಲಗಿದ್ದಾಗ ನಾನು, ಓದಿದವಳು, "ನಂಗೂ ನೋವಾಗ್ತದೆ. ನಾ ಪರೀಕ್ಷೆ ಬರೀಲಿಲ್ವನೇ?" ಎಂದಿದ್ದೆ. ಅವಳು ಗೋಡೆಯ ಕಡೆ ತಿರುಗಿದಳು.

ಈ ವರ್ಷ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನಿನ ವಿಡಿಯೋವೊಂದರಲ್ಲಿ ವೈದ್ಯರೊಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದುದು ಕಣ್ಣಿಗೆ ಬಿತ್ತು. ಮುಟ್ಟಿನ ನೋವು ಕೆಲಸ ಬಿಡಿಸುವಷ್ಟಿದ್ದರೆ ಅದನ್ನು ಸಹಜ ಎಂದು ಬಿಡಬೇಡಿ ಎನ್ನುತ್ತಿದ್ದರು. ಕೆಲಸ ಬಿಡಿಸುವಷ್ಟು! ತುತ್ತು ಹಾಗೇ ಬಿಟ್ಟು ಎದ್ದು ಹಾಜರಿ ಪುಸ್ತಕ ತೆರೆದೆ. ಉಳಿದವರ ಸಾಲಿನಲ್ಲಿ ತಿಂಗಳಿಗೆ ಮೂರು ಸೊನ್ನೆ. ತಂಗಿಯ ಸಾಲಿನಲ್ಲಿ ಮುಟ್ಟಿಗೆ ಮೊದಲೇ ಎರಡು ಗೀಟು, ಆಮೇಲೆ ಐದು ಸೊನ್ನೆ. ಪುಟ ತಿರುವಿದೆ. ಎರಡು ಗೀಟು, ಐದು ಸೊನ್ನೆ. ನಾನು ಕೆಲಸಕ್ಕೆ ಸೇರಿದ ಇಪ್ಪತ್ತು ತಿಂಗಳೂ ಹಾಗೆಯೇ. ಎಲ್ಲವನ್ನೂ ನನ್ನ ಕೈಯಾರೆ ಬರೆದಿದ್ದೆ!

ಅವಳ ಸಾಲನ್ನಷ್ಟೇ ಒಂದು ಹಾಳೆಗೆ ಇಳಿಸಿಕೊಂಡು, ಅವಳನ್ನು ಶಿರಸಿಯ ಹೆರಿಗೆ ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಹಾಳೆಯನ್ನು ಎರಡು ಸಲ ನೋಡಿದರು.

"ಇದನ್ನ ಯಾರು ಬರ್ದಿದ್ದು?"

"ನಾನು ಮೇಡಂ. ಬಿ.ಎಸ್ಸಿ. ಆಗಿದೆ." ಕೇಳದಿದ್ದರೂ ಹೇಳಿದೆ.

ಅವರು ತಂಗಿಯನ್ನು ಕೇಳುತ್ತಾ ಹೋದರು. ಸೊಂಟ ಸೆಳೆಯುತ್ತದೆಯೇ? ಆ ದಿನಗಳಲ್ಲಿ ಕಕ್ಕಸಿಗೆ ಕೂತರೆ ನೋವೇ? ಎಲ್ಲದಕ್ಕೂ ಹೌದು, ಹೌದು. ಒಂದೇ ಚಾಪೆಯಲ್ಲಿ ಮಲಗುವ ನನಗೆ ಇದೊಂದೂ ಗೊತ್ತಿರಲಿಲ್ಲ. ಪರೀಕ್ಷೆ ಮಾಡಿ, ಮತ್ತೆ ಸ್ಕ್ಯಾನ್ ಮಾಡಿಸಿದರು. ಎಡಗಡೆಯ ಅಂಡಾಶಯದಲ್ಲಿ ಒಂದು ಗಡ್ಡೆ ಕಂಡಿತು. ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಗಿರುವಂಥ ಪದರ ಹೊರಗಡೆಯೂ ಬೆಳೆದು, ತಿಂಗಳು ತಿಂಗಳು ಕೆರಳುವುದಂತೆ. ಸ್ಕ್ಯಾನಿನಲ್ಲಿ ಒಮ್ಮೊಮ್ಮೆ ಕಾಣುವುದೇ ಇಲ್ಲವಂತೆ. ಬೇರು ಸಮೇತ ಹೋಗುತ್ತದೆ ಎಂದು ಮಾತು ಕೊಡಲಾರೆ, ಮಾತ್ರೆಯಿಂದ ನೋವು ಹಿಡಿತಕ್ಕೆ ತರೋಣ, ಬೇಕಾದರೆ ಮುಂದೆ ಆಪರೇಷನ್ ಎಂದರು. ಮದುವೆ ಇದಕ್ಕೆ ಔಷಧವಲ್ಲ ಎಂದೂ ಹೇಳಿದರು.

ತಂಗಿ ಕೇಳಿದ್ದು ಒಂದೇ. "ಅಂದ್ರೆ ನಾ ಸುಳ್ಳು ಹೇಳಿದ್ದಲ್ಲ, ಅಲ್ದಾ ಮೇಡಂ?"

"ಅಲ್ಲಮ್ಮ."

ಬಸ್ ನಿಲ್ದಾಣದವರೆಗೂ ನಾವಿಬ್ಬರೂ ಆ ಹೆಸರನ್ನು ತುಂಡು ತುಂಡು ಮಾಡಿ ಬಾಯಿಪಾಠ ಮಾಡಿದೆವು. ಸಿದ್ದಾಪುರದ ಬಸ್ಸು ಬರುವಷ್ಟರಲ್ಲಿ ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. ನನಗೋ ಅಲ್ಲಿಯೇ ಚಪ್ಪಾಳೆ ಹೊಡೆಯುವ ಹುಮ್ಮಸ್ಸು.

"ನಂದೂ ತಪ್ಪಾತೇ" ಎಂದೆ.

"ಹೋಗ್ಲಿ ಬಿಡು. ಡಿಗ್ರಿ ಆದವ್ರಿಗೆ ಸ್ವಲ್ಪ ತಡವಾಗಿ ತಿಳೀತದೆ" ಎಂದು ನಕ್ಕಳು.

ಮನೆಯಲ್ಲಿ ಅಮ್ಮ ಕೇಳಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಹೊರಗೆಲ್ಲೂ ಬಾಯಿ ಬಿಡ್ಬೇಡ್ರೇ. ಗುಡ್ನಾಪುರದ ಕಡೆಯವ್ರು ಹುಡ್ಗಿ ಕೇಳ್ತಾ ಇದ್ರು" ಎಂದಳು. ತಂಗಿ ವೈದ್ಯರ ಚೀಟಿಯನ್ನು ಮಡಚಿ ಒಳಗಿಟ್ಟಳು. ಮತ್ತೆ ಮುಚ್ಚಿಟ್ಟುಬಿಡುತ್ತಾಳೆ ಎಂದುಕೊಂಡೆ.

ಮರುದಿನ ಶೆಡ್ಡಿನಲ್ಲಿ ಅತ್ತೆ ಎಂದಿನಂತೆ, "ಬಂತೇನೇ ಮಹಾರಾಣಿ ಸವಾರಿ?" ಎಂದಳು.

ತಂಗಿ ಬುಟ್ಟಿ ಕೆಳಗಿಟ್ಟಳು. "ನಂಗೆ ಎಂಡೊಮೆಟ್ರಿಯೋಸಿಸ್ ಇದೆ ಅತ್ತೆ. ಸೋಮಾರಿತನ ಅಲ್ಲ" ಎಂದು, ಅದು ಎಲ್ಲಿ ಬೆಳೆಯುತ್ತದೆ, ಹೇಗೆ ಕೆರಳುತ್ತದೆ, ಎಲ್ಲವನ್ನೂ ಹೇಳಿದಳು. ಒಂದೂ ತಪ್ಪಿಲ್ಲ! ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಯಾರ ಕೈಯೂ ಆಡುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಒಡತಿ ಅಮ್ಮ, "ಆನೂ ಮೂವತ್ತು ವರ್ಷ ಹಿಂಗೇ ಒದ್ದಾಡಿದ್ದಿ ಮಾರಾಯ್ತಿ. ಯಾರೂ ಕೇಳಿದ್ವಿಲ್ಲೆ" ಎಂದರು. ಅವರು ತಮ್ಮ ಮನೆಮಾತಿನಲ್ಲಿ, 'ನಾನೂ' ಎನ್ನದೆ 'ಆನೂ' ಎಂದು, ನಮ್ಮೊಡನೆ ಆಡಿದ್ದನ್ನು ಕೇಳಿದ್ದು ಅದೇ ಮೊದಲು.

ಅತ್ತೆ ಕೈಯಲ್ಲಿದ್ದ ಮಿಡಿಯನ್ನು ಬುಟ್ಟಿಗೆ ಹಾಕಿ ತಂಗಿಯ ಹತ್ತಿರ ಬಂದಳು.

"ಯಲ್ಲಾಪುರಕ್ಕೆ ಕೊಟ್ಟ ನಮ್ ಮಗ್ಳೂ ಹಂಗೇ ಬಿದ್ಕಂಡಿರ್ತಾಳೆ ಕಣೇ. ಅತ್ತೆಮನೆಯವ್ರು ನಾಟ್ಕ ಅಂತಾರೆ. ನಾನೂ ಅವ್ಳಿಗೇ ಬೈದೆ. ಆ ಡಾಕ್ಟ್ರು ಯಾವತ್ತು ಸಿಗ್ತಾರೆ?"

ನಾನು ಬಾಯಿ ತೆರೆಯುವುದರೊಳಗೆ ತಂಗಿ ಹೇಳಿದಳು: "ಗುರುವಾರ. ಬರೂಕೆ ಹೇಳು, ನಾನೇ ಅವ್ಳ ಸಂಗ್ತಿಗೆ ಹೋಗ್ತೆ."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಮಗಳಿಗೆ ಫೋನ್ ಹಚ್ಚಿ, ತಂಗಿಯ ಕೈಗೆ ಕೊಟ್ಟಳು. "ನೀನೇ ಹೇಳೆ. ನಂಗೆ ಆ ಹೆಸ್ರು ಬರೂದಿಲ್ಲ."