ಬಾಗಿಲು ಕಿತ್ತ ಸಾಹೇಬರು

ಚಪ್ಪಲಿ ಕಾರ್ಖಾನೆಯ ಸಾಹೇಬರಿಗೆ ವಾರಕ್ಕೊಂದು ಮ್ಯಾನೇಜ್‌ಮೆಂಟ್ ಸಂಶೋಧನೆ ಮೈಮೇಲೆ ಬರುತ್ತದೆ. ನಿಂತು ಮಾತಾಡಿದರೆ ಸಭೆ ಬೇಗ ಮುಗಿಯುತ್ತದೆಂದು ಓದಿ ಕುರ್ಚಿಗಳನ್ನೆಲ್ಲ ಗೋದಾಮಿಗೆ ಸಾಗಿಸಿದರು. ಸಭೆಯೇನೂ ಮುಗಿಯಲಿಲ್ಲ, ಜನ ಗೋಡೆಗೊರಗಿ ತೂಕಡಿಸುವುದನ್ನು ಕಲಿತರು. ಸೋಲನ್ನು ಸಂಭ್ರಮಿಸಬೇಕೆಂದು ಓದಿದ ವಾರ, ಒಂದೇ ಪೆಟ್ಟಿಗೆಗೆ ಎರಡೂ ಎಡಗಾಲಿನ ಚಪ್ಪಲಿ ತುಂಬಿದವನಿಗೆ ಚಪ್ಪಾಳೆ ಹೊಡೆಸಿ, "ನೋಡ್ರಪ್ಪಾ, ಇದು ಧೈರ್ಯ!" ಎಂದರು. "ಧೈರ್ಯ ಎಲ್ಲಿಂದ ಬರ್ಬೇಕು ಸಾರ್, ನಿದ್ದೆ ಬಂದಿತ್ತು," ಎಂದ ಅವನು. ಕೊನೆಗೆ, ಯಾರು ಬೇಕಾದರೂ ಬಂದು ಮನಸ್ಸು ಬಿಚ್ಚಿ ಮಾತಾಡಲಿ ಎಂದು ತಮ್ಮ ಕೋಣೆಯ ಬಾಗಿಲನ್ನೇ ಕೀಲುಸಮೇತ ಕೀಳಿಸಿದರು. ಈಗ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ, ಬಂದವರಿಗೆಂದು ಉಳಿಸಿಕೊಂಡ ಒಂದೇ ಕುರ್ಚಿಯ ಧೂಳನ್ನು ಅಂಗೈಯಿಂದ ಒರೆಸಿ, 'ಬನ್ನಿ' ಎನ್ನಲು ಬಾಯಿ ತೆರೆದು ಕಾಯುತ್ತಾರೆ. ಹೆಜ್ಜೆಗಳು ಪಕ್ಕದ ಪಾಯಿಖಾನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತವೆ.