ಗರಗಸದಕ್ಕ ಕೊಯ್ದ ಕಾಲು

ಕೃತಕ ಕಾಲು ಮಾಡುವ ನಮ್ಮ ವರ್ಕ್‌ಶಾಪಿನ ಮೇಲ್ವಿಚಾರಕಿಯನ್ನು ನಾವೆಲ್ಲ ಗರಗಸದಕ್ಕ ಎನ್ನುತ್ತೇವೆ. ಎದುರಿಗಲ್ಲ, ನಮಗೂ ಜೀವದ ಮೇಲೆ ಆಸೆಯಿದೆ. ಹಾಳಾದ ಕಾಲು ವಾಪಸ್ ಬಂದರೆ ಬೇರೆಯವರು ಗುಜರಿಗೆ ಎಸೆಯುತ್ತಾರೆ. ಇವಳು ಅದನ್ನು ಉದ್ದಕ್ಕೆ ಸೀಳಿ, ಊಟದ ಹೊತ್ತಿನಲ್ಲೇ ಎಲ್ಲರನ್ನೂ ಸುತ್ತ ನಿಲ್ಲಿಸಿ, ನೋಡಿ ಮಾತಾಡಿ ಎನ್ನುತ್ತಾಳೆ. ಅವಳಪ್ಪ ಬದುಕಿಡೀ ತಮ್ಮ ಮರದ ಕಾಲು ಬದಲಾಯಿಸುತ್ತಲೇ ಇದ್ದವರು. ಹಳೆಯದು ಯಾಕೆ ಹೋಯಿತೆಂದು ಅವರನ್ನು ಒಬ್ಬನೂ ಕೇಳಲಿಲ್ಲವಂತೆ. ಅಪ್ಪನ ಸಂಕಟಕ್ಕೆ ನಮ್ಮ ಊಟ ಆರಬೇಕೇ ಎಂದು ನಾನು ಗೊಣಗುತ್ತಿದ್ದೆ. ನಾನು ಕಾಲನ್ನು ತೊಡೆಗೆ ಬಿಗಿಯುವ ಪಟ್ಟಿ ಹೊಲಿಯುವವನು, ಪಾದದ ಉಸಾಬರಿ ನನಗ್ಯಾಕೆ?

ಒಂದು ಬೆಳಿಗ್ಗೆ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವನೊಬ್ಬ ಬಂದ. ದಿನವಿಡೀ ನೀರಿನಲ್ಲಿ ನಿಲ್ಲುವ ಕೆಲಸ. ನಾವು ಕೊಟ್ಟ ಮೂರನೆಯ ಪಾದವೂ ಒಳಗೊಳಗೇ ಕೊಳೆತಿತ್ತು. ಇನ್ನೊಮ್ಮೆ ಕಾಲಿನ ನೆಪ ಹೇಳಿದರೆ ಕೆಲಸಕ್ಕೆ ಬರಲೇಬೇಡ ಎಂದು ಲಾಂಡ್ರಿಯ ಮಾಲೀಕರು ಅಂದಿದ್ದರಂತೆ. ನಮ್ಮ ಯಜಮಾನರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಒಣ ಜಾಗದಲ್ಲಿ ಬೇರೆ ಕೆಲಸ ನೋಡಿಕೋ ಎಂದರು. ಅವನು ತಲೆ ತಗ್ಗಿಸಿ ನಿಂತ.

"ಅವನ್ಯಾಕೆ ಕೆಲಸ ಬದಲಾಯಿಸ್ಬೇಕು? ನಾವೇ ಕಾಲು ಬದಲಾಯಿಸೋಣ," ಎಂದಳು ಅಕ್ಕ.

ಪಾದವನ್ನು ಕೊಯ್ದಳು. ರಬ್ಬರ್ ಹಚ್ಚುವವನು, ತಳದಿಂದ ಒಂದು ಹನಿಯೂ ಒಳಗೆ ಹೋಗಿಲ್ಲ, ಸಲಕ್ಕೊಂದು ಪದರ ಹೆಚ್ಚೇ ಹಚ್ಚಿದ್ದೇನೆ ಎಂದ. ಲಾಂಡ್ರಿಯವನ ಪಟ್ಟಿ ಯಾವಾಗಲೂ ಮೇಲಿನಿಂದ ನೆನೆದಿರುತ್ತದೆ ಎಂದು ಅವತ್ತು ಮೊದಲ ಸಲ ನಾನೂ ಬಾಯಿಬಿಟ್ಟೆ. ಮರ ಕೆತ್ತುವವನು ಹಣೆ ಚಚ್ಚಿಕೊಂಡ: ನೀರು ಇಳಿಯುವುದು ಮೇಲಿನಿಂದ, ತಳ ಗಟ್ಟಿ ಮಾಡಿದಷ್ಟೂ ಹೊರಗೆ ಹೋಗಲು ದಾರಿಯೇ ಇಲ್ಲ. ಒಬ್ಬೊಬ್ಬರೂ ಒಂದೊಂದು ತುಂಡು ತಿಳಿದುಕೊಂಡು ಒಂದೊಂದು ಮೂಲೆಯಲ್ಲಿ ಕೂತಿದ್ದೆವು.

ಹಿಮ್ಮಡಿಯಲ್ಲಿ ತೂತು ಕೊರೆದೆವು. ಹೊಸ ಕಾಲಿಗೆ ತೂತೇ, ಜನ ನಗುತ್ತಾರೆ ಎಂದರು ಯಜಮಾನರು. ನಗುವವರು ನಗಲಿ, ಅವನು ನಿಂತರೆ ಸಾಕು ಎಂದಳು ಅಕ್ಕ. ಮೊದಲ ತೂತು ಅವನು ಒಗೆಯುವ ಬಟ್ಟೆಯ ನೂಲು ಸಿಕ್ಕಿ ಕಟ್ಟಿಕೊಂಡು, ಪಾದ ಮತ್ತೆ ವಾಪಸ್ ಬಂತು. ಅದನ್ನೂ ಸೀಳಿದಳು. ಯಾರ ಮುಂದೆಯೂ ಹಲ್ಲುಗಿಂಜದವಳು ಲಾಂಡ್ರಿಗೆ ಹೋಗಿ, ಹೊಸ ಪಾದ ಆಗುವವರೆಗೆ ಅವನ ಪರವಾಗಿ ರಜೆ ಬೇಡಿಕೊಂಡು ಬಂದಳು. ಕೊನೆಗೆ ಓರೆಯಾಗಿ, ಅಗಲವಾಗಿ ತೂತು ಕೊರೆದ ಪಾದ ಹಾಕಿಕೊಂಡು ಅವನು ಹೋದ.

ತಿಂಗಳುಗಳು ಕಳೆದರೂ ಸುಳಿವಿಲ್ಲ. ಬರಲಿಲ್ಲವೆಂದರೆ ಚೆನ್ನಾಗಿದೆ ಎಂದೇ ಅರ್ಥ ಎಂದರು ಯಜಮಾನರು. ಕೆಟ್ಟು ಬಂದ ಕಾಲನ್ನು ಮಾತ್ರ ನೋಡಿ ಅರ್ಧ ಕಲಿತರೆ ಸಾಕೇ, ಚೆನ್ನಾಗಿರುವುದನ್ನೂ ನೋಡಬೇಡವೇ ಎಂದು ಸಿಡುಕಿ, ಅಕ್ಕ ನನ್ನನ್ನೂ ಎಳೆದುಕೊಂಡು ಲಾಂಡ್ರಿಗೆ ಹೊರಟಳು.

ಅವನು ನೊರೆನೀರಿನಲ್ಲಿ ನಿಂತು ಬೆಡ್‌ಶೀಟ್ ಹಿಂಡುತ್ತಿದ್ದ. ಪಾದ ಬಿಚ್ಚಿ ತೋರಿಸು ಎಂದಳು ಅಕ್ಕ.

ಅವನು ತಿರುಗಿಯೂ ನೋಡಲಿಲ್ಲ. "ಈಗಾಗಲ್ಲ ಅಕ್ಕ. ಕೆಲಸ ಇದೆ."

ಗರಗಸದಕ್ಕನಿಗೆ ಆಗಲ್ಲ ಎಂದವರನ್ನು ನಾನು ಕಂಡದ್ದು ಅದೇ ಮೊದಲು. ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಪಾಳಿ ಮುಗಿಯುವವರೆಗೂ ಬಾಗಿಲಲ್ಲೇ ಕೂತಳು.